ಫಾರ್ಮ್ಯಾಟ್ ಮಾಡಿಸುವ ಮುನ್ನ: ನಮ್ಮ ಮನೆಯ ಕಂಪ್ಯೂಟರ್ ಹ್ಯಾಂಗ್ ಆದ ಕಥೆ

ನಮ್ಮ ಮನೆಯ ಕಂಪ್ಯೂಟರಿನ ಕಾಯಿಲೆ ಕೊನೆಗೂ ಪತ್ತೆಯಾಯಿತು. ಓಡಾಟ, ಖರ್ಚು, ಕೆಟ್ಟ ನಿದ್ದೆ ಎಲ್ಲವೂ ಇನ್ನೂ ಹಸಿಯಾಗಿ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಇದೇ ತೊಂದರೆಯಲ್ಲಿ ಒದ್ದಾಡುತ್ತಿರುವವರು ನನ್ನಷ್ಟು ಅಲೆಯಬೇಕಾಗಿಲ್ಲ.

ನಾನು ಕಂಪ್ಯೂಟರ್ ಓದಿದವಳಲ್ಲ. ತುಮಕೂರಿನ ಸರಸ್ವತಿಪುರಂನಲ್ಲಿ ಮನೆಯಲ್ಲೇ ಕುಳಿತು ಡಿಟಿಪಿ ಮಾಡುವವಳು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಸಂಘಗಳ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಆಹ್ವಾನ, ಹೀಗೆ ಬಂದದ್ದನ್ನೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ, ಪೇಜ್‌ಮೇಕರ್ 7ರಲ್ಲಿ ಪುಟ ಕಟ್ಟಿ ಮುದ್ರಣಾಲಯಕ್ಕೆ ಕಳುಹಿಸುತ್ತೇನೆ. ಪೇಜ್‌ಮೇಕರ್‌ನ ಈ ಏಳನೆಯ ಆವೃತ್ತಿ 2001ರಲ್ಲಿ ಬಂದದ್ದು, ಅದಕ್ಕೆ ಹೊಸ ಆವೃತ್ತಿ ಇನ್ನು ಬರುವುದಿಲ್ಲ ಎಂಬುದೆಲ್ಲ ನನಗೂ ಗೊತ್ತು. ನನ್ನ ಗಿರಾಕಿಗಳ ಹಳೆಯ ಕಡತಗಳೆಲ್ಲ ಅದರಲ್ಲಿಯೇ ಇವೆ, ಮುದ್ರಣಾಲಯದವರು ಕೇಳುವುದೂ ಅದನ್ನೇ. ಯಂತ್ರವೂ ಹಳೆಯದೇ: ಜೋಡಿಸಿಕೊಂಡ ಪೆಟ್ಟಿಗೆ, ಇಂಟೆಲ್ ನಾಲ್ಕನೆಯ ತಲೆಮಾರಿನ ಐ3, 8 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10.

ತೊಂದರೆ ಶುರುವಾದದ್ದು ಶಿವರಾತ್ರಿಗೆ ಮುಂಚೆ. ಸಿದ್ಧಗಂಗೆಯ ಜಾತ್ರೆಯ ಹೊತ್ತಿಗೆ ಕರಪತ್ರಗಳ ಕೆಲಸ ಒಟ್ಟಾಗಿ ಬಂದು ಬೀಳುತ್ತದೆ, ಅದರ ಬೆನ್ನಿಗೇ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು. ಅಂಥ ಹೊತ್ತಿನಲ್ಲಿ ಪರದೆ ಇದ್ದಕ್ಕಿದ್ದಂತೆ ನಿಂತುಬಿಡತೊಡಗಿತು. ಮೌಸಿನ ಬಾಣ ಓಡಾಡುತ್ತಿತ್ತು, ಆದರೆ ಎಲ್ಲಿ ಒತ್ತಿದರೂ ಉತ್ತರವಿಲ್ಲ. ಕೆಲವೊಮ್ಮೆ ಅರ್ಧ ನಿಮಿಷದಲ್ಲೋ ಒಂದು ನಿಮಿಷದಲ್ಲೋ ತಾನೇ ಬಿಟ್ಟುಕೊಳ್ಳುತ್ತಿತ್ತು. ಆಗ, ಸಿಟ್ಟಿನಲ್ಲಿ ನಾನು ಒತ್ತಿದ್ದೆಲ್ಲ ಒಮ್ಮೆಲೇ ಜಾರಿಗೆ ಬಂದು ಬೇಕಾದ್ದು ಬೇಡವಾದ್ದು ಎಲ್ಲ ತೆರೆದುಕೊಳ್ಳುತ್ತಿದ್ದವು. ಇನ್ನು ಕೆಲವೊಮ್ಮೆ ಬಿಡುತ್ತಲೇ ಇರಲಿಲ್ಲ. ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಬೇಕಾಗುತ್ತಿತ್ತು. ಹಾಗೆ ಆರಿಸಿ ಹಚ್ಚಿದಾಗ ಒಂದೆರಡು ಸಲ, ಬೂಟ್ ಆಗಲು ಡಿಸ್ಕೇ ಇಲ್ಲವೆಂದು ಕಪ್ಪು ಪರದೆಯ ಮೇಲೆ ಬರಹ ಬಂದದ್ದೂ ಉಂಟು. ಗೋಡೆಯ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದರೆ ಏನೂ ಆಗದವರಂತೆ ಎದ್ದು ಕೂರುತ್ತಿತ್ತು.

ಇಲ್ಲಿ ಒಂದು ಮಾತು. ಹ್ಯಾಂಗ್ ಆದಾಗ ಮೊದಲು ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಪೂರ್ತಿ ಸತ್ತಿಲ್ಲ, ಯಾವುದಕ್ಕೋ ಕಾಯುತ್ತಿದೆ ಎಂದರ್ಥ. ದೀಪವೂ ಅಲುಗದೆ, ಮೌಸೂ ಅಲುಗದೆ ನಿಂತರೆ ರ್ಯಾಮ್, ಮದರ್‌ಬೋರ್ಡ್, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಅಥವಾ ಬಿಡಿಭಾಗಗಳನ್ನು ನಡೆಸುವ ಚಾಲಕ ತಂತ್ರಾಂಶದ (ಡ್ರೈವರ್) ಕಡೆ ಅನುಮಾನ ಹೋಗಬೇಕು. ನನ್ನದರಲ್ಲಿ ಹೆಚ್ಚಿನ ಸಲ ದೀಪ ಹತ್ತುತ್ತಿತ್ತು. ಆ ಸುಳಿವಿನ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ.

ಸಲಹೆಗಳಿಗೆ ಬರ ಇರಲಿಲ್ಲ. ಎದುರು ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಾನೆ. ‘ಅಕ್ಕಾ, ಇದು ವೈರಸ್, ಫಾರ್ಮ್ಯಾಟ್ ಮಾಡಿಬಿಡಿ’ ಎಂದ. ನನ್ನ ಭಾವ, ‘ಹಳೆಯದಾಯಿತು, ಲ್ಯಾಪ್‌ಟಾಪ್ ತೆಗೆದುಕೋ’ ಎಂದರು. ಪ್ರಶ್ನೆಪತ್ರಿಕೆ ತೆಗೆದುಕೊಂಡು ಹೋಗಲು ಬಂದ ಮೇಷ್ಟ್ರು, ‘ಬೇಸಿಗೆ ಅಲ್ಲವೇನಮ್ಮ, ಬಿಸಿಯಾಗುತ್ತಿರಬೇಕು’ ಎಂದರು. ಎಲ್ಲರ ಮಾತಿನಲ್ಲೂ ಖಚಿತತೆ ಇತ್ತು, ಯಾರೂ ಯಂತ್ರದ ಹತ್ತಿರ ಕುಳಿತು ನೋಡಿರಲಿಲ್ಲ. ಡಿಸ್ಕನ್ನು ಪೂರ್ತಿ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕುವ ಫಾರ್ಮ್ಯಾಟ್ ಎಂಬ ಮಾತನ್ನು ಜನ ಎಷ್ಟು ಹಗುರವಾಗಿ ಆಡುತ್ತಾರೆಂದರೆ, ನನ್ನಂಥವಳಿಗೆ ಅದು ಅಂಗಡಿಯನ್ನೇ ಕಿತ್ತು ಬೇರೆ ಕಡೆ ಹೂಡುವ ಕೆಲಸವೆಂಬುದು ಅವರಿಗೆ ಹೊಳೆಯುವುದೇ ಇಲ್ಲ. ಪೇಜ್‌ಮೇಕರ್‌ನ ಸಿಡಿ ಎಲ್ಲಿದೆಯೋ ಗೊತ್ತಿಲ್ಲ. ನುಡಿಯ ಹಳೆಯ ಅಕ್ಷರಶೈಲಿಗಳು (ಫಾಂಟ್‌ಗಳು) ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದವಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಅವಾಂತರ ಕಾಣುತ್ತದೆ.

ನನ್ನ ಅಪ್ಪ ಪಂಪ್‌ಸೆಟ್ ಕೆಟ್ಟಾಗಲೆಲ್ಲ ಯಾವಾಗ, ಎಷ್ಟು ಹೊತ್ತು ಓಡಿದ ಮೇಲೆ ನಿಂತಿತು ಎಂದು ಕ್ಯಾಲೆಂಡರಿನ ಮೇಲೆ ಬರೆದಿಡುತ್ತಿದ್ದರು. ಅದೇ ಅಭ್ಯಾಸದಿಂದ ನಾನೂ ಒಂದು ಹಳೆಯ ನೋಟ್ ಪುಸ್ತಕ ತೆಗೆದುಕೊಂಡು ಬರೆಯತೊಡಗಿದೆ. ಹ್ಯಾಂಗ್ ಆದ ಹೊತ್ತು, ಆಗ ಏನೇನು ತೆರೆದಿತ್ತು, ತಾನೇ ಬಿಟ್ಟಿತೋ ಆರಿಸಬೇಕಾಯಿತೋ, ವಿದ್ಯುತ್ ಹೋಗಿ ಬಂದಿತ್ತೋ, ಕೋಣೆ ಬಿಸಿಯಿತ್ತೋ, ಪ್ರಿಂಟರ್ ಓಡುತ್ತಿತ್ತೋ. ಇಡೀ ಪ್ರಕರಣದಲ್ಲಿ ಒಂದು ರೂಪಾಯಿಯೂ ಖರ್ಚಿಲ್ಲದೆ ನಾನು ಮಾಡಿದ್ದು ಇದೊಂದೇ. ಕೊನೆಗೆ ದಾರಿ ತೋರಿಸಿದ್ದೂ ಇದೇ.

ಎದುರು ಮನೆಯ ಹುಡುಗ ಒಳ್ಳೆಯವನು. ಫಾರ್ಮ್ಯಾಟ್ ಬೇಡವೆಂದ ಮೇಲೆ ಕುಳಿತು ಎರಡು ಜಾಗ ತೋರಿಸಿಕೊಟ್ಟ. ಮೊದಲನೆಯದು ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುತ್ತದೆ. ಅದನ್ನು ಕೆಲಸ ಶುರು ಮಾಡುವಾಗಲೇ ತೆರೆದು ಒಂದು ಮೂಲೆಯಲ್ಲಿ ಇಟ್ಟುಕೊಳ್ಳಬೇಕು, ಹ್ಯಾಂಗ್ ಆದ ಮೇಲೆ ಒತ್ತಿದರೆ ಬರುವುದಿಲ್ಲ. ನನ್ನದರಲ್ಲಿ ನಿಂತು ಬಿಟ್ಟುಕೊಂಡ ಬಳಿಕ ನೋಡಿದರೆ ಸಿಪಿಯು ಸುಮ್ಮನಿತ್ತು, ರ್ಯಾಮ್ ಅರ್ಧ ಖಾಲಿಯಿತ್ತು, ಡಿಸ್ಕ್ ಮಾತ್ರ ನೂರಕ್ಕೆ ನೂರು. ವಿಚಿತ್ರವೆಂದರೆ ಓದುವ, ಬರೆಯುವ ವೇಗ ಎರಡೂ ಸೊನ್ನೆ. ಪೂರ್ತಿ ದುಡಿಯುತ್ತಿದ್ದೇನೆ ಎನ್ನುತ್ತಿರುವ ಡಿಸ್ಕ್ ಒಂದು ಅಕ್ಷರವನ್ನೂ ಸಾಗಿಸುತ್ತಿರಲಿಲ್ಲ.

ಎರಡನೆಯದು ಈವೆಂಟ್ ವ್ಯೂವರ್. ಸ್ಟಾರ್ಟ್ ಒತ್ತಿ ಆ ಹೆಸರನ್ನು ಬರೆದರೆ ಸಿಗುತ್ತದೆ. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಂ. ಅಲ್ಲಿ ಕೆಂಪು ಗುರುತಿನೊಂದಿಗೆ ಕರ್ನೆಲ್ ಪವರ್ 41 ಎಂಬ ನಮೂದು ಸಾಲುಸಾಲಾಗಿ ಇತ್ತು. ಇದನ್ನು ನೋಡಿ ಹೆದರಬೇಡಿ, ಎಸ್‌ಎಂಪಿಎಸ್ ಬದಲಿಸಲು ಓಡಲೂ ಬೇಡಿ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂದಷ್ಟೇ ಅದು ಹೇಳುವುದು. ಗುಂಡಿ ಒತ್ತಿ ಹಿಡಿದು ಆರಿಸಿದ್ದು ನಾನೇ, ಅದು ಬರೆದುಕೊಂಡಿದೆ. ನೋಡಬೇಕಾದದ್ದು ಅದಕ್ಕೆ ಸ್ವಲ್ಪ ಮುಂಚಿನ ನಮೂದುಗಳನ್ನು. ನನ್ನ ಪುಸ್ತಕದಲ್ಲಿದ್ದ ಹೊತ್ತಿಗೆ ಸರಿಯಾಗಿ ಅಲ್ಲಿ 129 ಮತ್ತು 153 ಎಂಬ ಸಂಖ್ಯೆಗಳು ಹಳದಿ ಗುರುತಿನೊಂದಿಗೆ ಇದ್ದವು. 129 ಎಂದರೆ ಡಿಸ್ಕ್ ಉತ್ತರ ಕೊಡದೆ ಅದರ ಸಂಪರ್ಕವನ್ನು ವಿಂಡೋಸ್ ಮತ್ತೆ ಮೊದಲಿನಿಂದ ಜೋಡಿಸಿಕೊಂಡಿತು ಎಂದು, 153 ಎಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮರಳಿ ಪ್ರಯತ್ನಿಸಬೇಕಾಯಿತು ಎಂದು. ಡಿಸ್ಕಿನ ಮೈಮೇಲೆಯೇ ಹಾಳಾದ ಜಾಗವಿದ್ದರೆ ಬರುವ 7 ಎಂಬ ನಮೂದು ಎಲ್ಲಿಯೂ ಇರಲಿಲ್ಲ. ಇದೆಲ್ಲವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡೆ.

ಡಿಸ್ಕ್ ಎಂದ ಕೂಡಲೇ ಎದೆ ಡವಡವ ಎಂದಿತು. ಬೇರೆಲ್ಲ ಬಿಟ್ಟು ಮೊದಲು ಬ್ಯಾಕಪ್. 900 ರೂಪಾಯಿ ಕೊಟ್ಟು 128 ಜಿಬಿಯ ಪೆನ್ ಡ್ರೈವ್ ತಂದೆ. ಇಡೀ ಫೋಲ್ಡರನ್ನು ಎಳೆದು ಹಾಕಿದರೆ ನಡುವೆ ನಿಂತುಹೋಗಿ ಎಷ್ಟು ಹೋಯಿತು, ಎಷ್ಟು ಉಳಿಯಿತು ತಿಳಿಯುತ್ತಿರಲಿಲ್ಲ. ಆದ್ದರಿಂದ ವರ್ಷವಾರು, ಗಿರಾಕಿವಾರು ಸಣ್ಣ ಸಣ್ಣ ತುಂಡುಗಳಾಗಿ ಸಾಗಿಸಿದೆ. ಈ ವರ್ಷದ್ದು ಮೊದಲು, ಹಳೆಯದು ಆಮೇಲೆ. ನಾಲ್ಕು ಹಿಡಿ ಭತ್ತವನ್ನು ಮಳೆಯ ನಡುವೆ ಒಳಗೆ ಸಾಗಿಸುವಂತೆ, ಬಿಟ್ಟಷ್ಟು ಹೊತ್ತು ಒಯ್ಯುವುದು, ನಿಂತಾಗ ಕಾಯುವುದು. ನುಡಿ ಬಳಸುವವರು ಇನ್ನೊಂದನ್ನು ಮರೆಯಬಾರದು. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಫಾಂಟ್ಸ್ ಎಂಬ ಫೋಲ್ಡರ್ ಇರುತ್ತದೆ. ಅಲ್ಲಿಂದ ನುಡಿಯ ಎಲ್ಲ ಫಾಂಟ್‌ಗಳನ್ನೂ ನಕಲು ಮಾಡಿಕೊಳ್ಳಿ. ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳನ್ನು ಬಳಸುವವರಿಗೂ ಇದೇ ಮಾತು. ಕಡತಗಳು ಉಳಿದು ಫಾಂಟ್ ಹೋದರೆ ಕಡತ ಉಳಿದೂ ಪ್ರಯೋಜನ ಕಡಿಮೆ. ಪೆನ್ ಡ್ರೈವನ್ನು ಬೇರೆ ಯಂತ್ರಕ್ಕೆ ಹಾಕಿ ಕೆಲವು ಕಡತಗಳನ್ನು ತೆರೆದು ನೋಡಿದ ಮೇಲೆಯೇ ಬ್ಯಾಕಪ್ ಆಯಿತು ಎಂದುಕೊಳ್ಳಬೇಕು.

ಬಿಸಿಯ ಮಾತನ್ನೂ ಸುಳ್ಳೆನ್ನುವಂತಿರಲಿಲ್ಲ. ಮಾರ್ಚ್ ಹೊತ್ತಿಗೆ ನಮ್ಮ ಮಹಡಿಯ ಕೋಣೆಯಲ್ಲಿ ಮಧ್ಯಾಹ್ನ ಕೂರಲಾಗುವುದಿಲ್ಲ. ತಂತಿಗಳನ್ನೆಲ್ಲ ಕಿತ್ತು, ಪೆಟ್ಟಿಗೆಯನ್ನು ತಾರಸಿಗೆ ಒಯ್ದು ಪಕ್ಕದ ಬಾಗಿಲು ತೆಗೆದರೆ ಒಳಗೆ ಫ್ಯಾನಿನ ಸುತ್ತ ದೂಳು ಕಂಬಳಿಯ ಹಾಗೆ ಕಟ್ಟಿತ್ತು. ಮೃದುವಾದ ಕುಂಚದಿಂದ, ಬಾಡಿಗೆಗೆ ತಂದ ಬ್ಲೋವರ್‌ನಿಂದ ತೆಗೆದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳು ಅಡ್ಡ ಹಿಡಿಯಿರಿ, ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಅದು ಬೇಡದ ವೇಗದಲ್ಲಿ ತಿರುಗಿ ಕೆಡಬಹುದು. ಪ್ರೊಸೆಸರ್ ಮೇಲಿನ, ಶಾಖ ಸಾಗಿಸುವ ಪೇಸ್ಟ್ ಒಣಗಿದ್ದನ್ನು ಒರೆಸಿ ಹೊಸದು ಹಚ್ಚಿದ್ದು ಹುಡುಗ. ಪೇಸ್ಟಿಗೆ 150 ರೂಪಾಯಿ. ಅದಾದ ಮೇಲೆ ಉಷ್ಣಾಂಶ ನಿಜವಾಗಿಯೂ ಇಳಿಯಿತು, ಫ್ಯಾನಿನ ಗೋಳಾಟವೂ ಕಡಿಮೆಯಾಯಿತು. ಬಾಗಿಲು ಹಾಕದೆಯೇ ಕೆಲವು ದಿನ ಕೆಲಸ ಮಾಡಿದೆ. ಹ್ಯಾಂಗ್ ಆಗಲಿಲ್ಲ! ಮೇಷ್ಟ್ರು ಹೇಳಿದ್ದೇ ಸರಿ ಎಂದು ಅವರಿಗೆ ಫೋನ್ ಮಾಡಿ ಹೇಳಿದ್ದೂ ಆಯಿತು. ಹಲ್ಲಿ ಒಳಗೆ ಹೋದೀತು ಎಂದು ಬಾಗಿಲು ಹಾಕಿ ತಿರುಪು ಬಿಗಿದೆ. ಮಾರನೆಯ ದಿನವೇ ಲಗ್ನಪತ್ರಿಕೆಯೊಂದರ ಪ್ರೂಫ್ ತೆಗೆಯುವಾಗ ನಿಂತುಹೋಯಿತು.

ಹೆಚ್ಚು ಬಿಸಿಯಾದ ಪ್ರೊಸೆಸರ್ ಸಾಮಾನ್ಯವಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತೀರಾ ಮಿತಿಮೀರಿದರೆ ಯಂತ್ರ ಆರಿಹೋಗುತ್ತದೆ. ಅರ್ಧ ನಿಮಿಷ ಮೂರ್ಛೆ ಹೋಗಿ ಎದ್ದು ಕೂರುವುದು ಅದರ ಲಕ್ಷಣವಲ್ಲ ಎಂದು ಆಮೇಲೆ ತಿಳಿಯಿತು.

ರ್ಯಾಮ್ ಪರೀಕ್ಷೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನೋಸ್ಟಿಕ್ ಎಂಬುದಿದೆ. ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ ಮೆಮ್‌ಟೆಸ್ಟ್ 86 ಅನ್ನು ಪೆನ್ ಡ್ರೈವಿಗೆ ಹಾಕಿ ಅದರಿಂದಲೇ ಯಂತ್ರ ಶುರು ಮಾಡಬೇಕು. ರಾತ್ರಿ ಮಲಗುವಾಗ ಹಚ್ಚಿ ಮಲಗಿ. ಒಂದೇ ಒಂದು ತಪ್ಪು ಬಂದರೂ ರ್ಯಾಮನ್ನು ಅನುಮಾನಿಸಿ, ಕಡ್ಡಿಗಳನ್ನು ಒಂದೊಂದಾಗಿ ಹಾಕಿ ಮತ್ತೆ ಪರೀಕ್ಷಿಸಿ. ನನ್ನದರಲ್ಲಿ ತಪ್ಪು ಬರಲಿಲ್ಲ. ವಿದ್ಯುತ್ ಹೋಗಿ ಪರೀಕ್ಷೆ ಅರ್ಧಕ್ಕೆ ನಿಂತು, ಮತ್ತೆ ಮೊದಲಿನಿಂದ ಶುರು ಮಾಡಿದ ರಾತ್ರಿಯೊಂದನ್ನು ಬಿಟ್ಟರೆ ಇದರಲ್ಲಿ ಹೇಳುವಂಥದ್ದಿಲ್ಲ.

ಈ ನಡುವೆ ನನ್ನ ಪುಸ್ತಕದಲ್ಲಿ ಒಂದು ಸಂಗತಿ ಎದ್ದು ಕಾಣತೊಡಗಿತ್ತು. ಪ್ರಿಂಟರ್ ಓಡುವಾಗ ಹ್ಯಾಂಗ್ ಆಗುವುದು ಹೆಚ್ಚು. ಸರಿ, ಪ್ರಿಂಟರಿನ ತಂತ್ರಾಂಶ ಕಿತ್ತು ಮತ್ತೆ ಹಾಕಿದ್ದಾಯಿತು, ಯುಎಸ್‌ಬಿ ತಂತಿ ಬದಲಿಸಿದ್ದಾಯಿತು. ಏನೂ ಬದಲಾಗಲಿಲ್ಲ.

ಗಿರಾಕಿಗಳು ಕಾಯುತ್ತಿದ್ದರು. ಯುಗಾದಿ ಕಳೆದರೆ ಮದುವೆಗಳ ಸುಗ್ಗಿ. ಕೊನೆಗೆ ಪೆಟ್ಟಿಗೆಯನ್ನು ಆಟೊದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಎಂ.ಜಿ. ರಸ್ತೆಯ ಕಡೆಯ ಒಂದು ಅಂಗಡಿಗೆ ಒಯ್ದೆ. ಹೆಸರು ಬೇಡ. ಕೌಂಟರಿನ ಹುಡುಗ ನನ್ನ ಪುಸ್ತಕವನ್ನೂ ಫೋಟೊಗಳನ್ನೂ ನೋಡಲೇ ಇಲ್ಲ. ‘ಇಟ್ಟು ಹೋಗಿ ಮೇಡಂ, ನೋಡಿ ಹೇಳುತ್ತೇವೆ’ ಎಂದ. ನಾಳೆ, ನಾಡಿದ್ದು ಎಂದು ದಿನಗಳು ಹೋದವು. ಫೋನ್ ಮಾಡಿದರೆ, ‘ಇಲ್ಲಿ ಚೆನ್ನಾಗಿಯೇ ಓಡುತ್ತಿದೆ ಮೇಡಂ, ಹ್ಯಾಂಗ್ ಆಗುತ್ತಿಲ್ಲ.’ ಹೋಗಿ ನೋಡಿದರೆ ಬಾಗಿಲು ತೆಗೆದು ಮೇಜಿನ ಮೇಲೆ ಮಲಗಿಸಿದ್ದರು, ನಿಜವಾಗಿಯೂ ಚೆನ್ನಾಗಿ ಓಡುತ್ತಿತ್ತು. ನನಗೇ ನಾಚಿಕೆಯಾಯಿತು. ಮನೆಗೆ ತಂದೆ. ಒಂದೆರಡು ದಿನ ಸರಿಯಿತ್ತು. ಆಮೇಲೆ ಅದೇ ರಾಗ.

ಮತ್ತೆ ಒಯ್ದಾಗ, ‘ಹಾರ್ಡ್ ಡಿಸ್ಕ್ ವೀಕ್ ಆಗಿದೆ’ ಎಂದು ತೀರ್ಪು ಬಂತು. ಹೇಗೆ ತಿಳಿಯಿತು, ಪರೀಕ್ಷೆಯ ಫಲಿತಾಂಶ ತೋರಿಸಿ ಎಂದೆ. ‘ಅನುಭವದ ಮೇಲೆ ಹೇಳುತ್ತೇವೆ ಮೇಡಂ’ ಎಂದ ಮಾಲೀಕರು ಹಾರ್ಡ್ ಡಿಸ್ಕಿನ ಬದಲು ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರ ಹಾರುತ್ತದೆ ಎಂದರು. ಈವೆಂಟ್ ವ್ಯೂವರ್ ಕೂಡ ಡಿಸ್ಕಿನ ಕಡೆಯೇ ಬೆರಳು ತೋರಿಸಿದ್ದರಿಂದ ಒಪ್ಪಿದೆ. ಆದರೆ ಎರಡು ಷರತ್ತು ಹಾಕಿದೆ, ನೀವೂ ಹಾಕಿ. ಒಂದು, ಫಾರ್ಮ್ಯಾಟ್ ಕೂಡದು, ಹಳೆಯ ಡಿಸ್ಕಿನಲ್ಲಿರುವುದನ್ನು ಇದ್ದಂತೆಯೇ ಹೊಸದಕ್ಕೆ ಕ್ಲೋನ್ ಮಾಡಿಕೊಡಬೇಕು. ಎರಡು, ಹಳೆಯ ಡಿಸ್ಕನ್ನು ನನಗೇ ಹಿಂತಿರುಗಿಸಬೇಕು. ಅದರಲ್ಲಿ ನನ್ನ ಬ್ಯಾಂಕಿನ ಕಾಗದ, ಊರಿನವರ ಜಾತಕ, ಆಧಾರ್ ಪ್ರತಿಗಳೆಲ್ಲ ಇವೆ, ಯಾರದೋ ಗುಜರಿಗೆ ಹೋಗುವುದು ಬೇಡ. 240 ಜಿಬಿಯ ಎಸ್‌ಎಸ್‌ಡಿಗೆ 2,300, ಕ್ಲೋನ್ ಮಾಡಿದ್ದಕ್ಕೆ 600. ಬಿಲ್ ಕೇಳಿದರೆ ಚೀಟಿಯ ಮೇಲೆ ಬರೆದುಕೊಟ್ಟರು. ಹಠ ಹಿಡಿದು ಸರಣಿ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಹಾಕಿಸಿಕೊಂಡೆ. ಎಸ್‌ಎಸ್‌ಡಿಗೆ ವರ್ಷಗಟ್ಟಲೆ ವಾರಂಟಿ ಇರುತ್ತದೆ, ಚೀಟಿಯನ್ನು ಯಾವ ಕಂಪನಿಯೂ ಒಪ್ಪುವುದಿಲ್ಲ.

ಯಂತ್ರ ಹಾರಿದ್ದು ನಿಜ. ಹತ್ತಿಸಿದ ಕೂಡಲೇ ಎದ್ದಿತು, ಪೇಜ್‌ಮೇಕರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಆ ವಾರ ನಾನು ಮಾಡಿದಷ್ಟು ಕೆಲಸ ಎಂದೂ ಮಾಡಿರಲಿಲ್ಲ. ಆಮೇಲೆ ಒಂದು ಸಂಜೆ, ನೂರು ಪ್ರತಿ ಕರಪತ್ರ ಮುದ್ರಿಸಲು ಕೊಟ್ಟು ಕಾಫಿ ಕುಡಿಯುತ್ತಿದ್ದಾಗ ಪರದೆ ನಿಂತಿತು. ಆಗ ಬಂದದ್ದು ಸಿಟ್ಟಲ್ಲ, ಒಂದು ಬಗೆಯ ಸುಸ್ತು. ಲೋಟ ಹಿಡಿದುಕೊಂಡು ಸುಮ್ಮನೆ ಕುಳಿತೆ. ಅಂಗಡಿಗೆ ಫೋನ್ ಮಾಡಿದರೆ, ‘ಹಾಗಾದರೆ ಮದರ್‌ಬೋರ್ಡ್ ಮೇಡಂ. ಇದಕ್ಕೆ ಈಗ ಹೊಸದು ಸಿಗುವುದಿಲ್ಲ, ಸೆಟ್ ಬದಲಿಸಿಬಿಡಿ.’ ಸೆಟ್ ಎಂದರೆ ಬೋರ್ಡ್, ಪ್ರೊಸೆಸರ್, ರ್ಯಾಮ್ ಮೂರೂ. ಹೊಸ ಯಂತ್ರದ ಅರ್ಧ ದುಡ್ಡು.

ಮುದ್ರಣಾಲಯದವರ ಮೂಲಕ ಶಿರಾ ಗೇಟ್ ಕಡೆ ಇರುವ ಒಬ್ಬ ಹಿರಿಯರ ವಿಷಯ ತಿಳಿಯಿತು. ಹಿಂದೆ ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತಿದ್ದವರು, ಈಗ ಪರಿಚಯದವರ ಕಂಪ್ಯೂಟರ್‌ಗಳನ್ನಷ್ಟೇ ಮನೆಗೆ ಬಂದು ನೋಡುತ್ತಾರೆ. ಗುಬ್ಬಿಯಲ್ಲಿ ಬಂಧುಗಳ ಮದುವೆ ಮುಗಿಸಿಕೊಂಡು ಅವರು ಬರುವ ತನಕ ಕಾದೆ. ಬಂದವರು ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ನೀರು ಕುಡಿದು, ಕನ್ನಡಕ ಹಾಕಿಕೊಂಡು ನನ್ನ ನೋಟ್ ಪುಸ್ತಕವನ್ನು ಮೊದಲ ಪುಟದಿಂದ ಓದಿದರು. ಆಮೇಲೆ ಕೇಳಿದ ಪ್ರಶ್ನೆಗಳು ಇಷ್ಟೇ:

‘ದೂಳು ತೆಗೆದ ಮೇಲೆ ಕೆಲವು ದಿನ ಸರಿಯಿತ್ತು ಎಂದು ಬರೆದಿದ್ದೀರಲ್ಲಮ್ಮ, ಆಗ ಬಾಗಿಲು ಹಾಕಿತ್ತೋ ತೆಗೆದಿತ್ತೋ?’

‘ತೆಗೆದಿತ್ತು ಸಾರ್.’

‘ಅಂಗಡಿಯಲ್ಲಿ?’

‘ಅಲ್ಲಿಯೂ ತೆಗೆದೇ ಇಟ್ಟಿದ್ದರು.’

‘ಪ್ರಿಂಟರ್ ಎಲ್ಲಿದೆ?’

ಕಂಪ್ಯೂಟರ್ ಇರುವ ಮೇಜಿನ ಮೇಲೆಯೇ ಇತ್ತು. ಅವರು ಹಾಳೆಯೊಂದನ್ನು ಮುದ್ರಿಸಲು ಹೇಳಿ, ಮೇಜಿನ ಮೇಲೆ ಅಂಗೈ ಇಟ್ಟುಕೊಂಡು ನಿಂತರು. ಹಾಳೆ ಎಳೆದುಕೊಳ್ಳುವಾಗ ಮೇಜು ನಡುಗುತ್ತದೆ, ಆ ನಡುಕ ಪೆಟ್ಟಿಗೆಗೂ ಹೋಗುತ್ತದೆ. ಅವರ ಮುಖದಲ್ಲಿ ಸಣ್ಣ ನಗು ಬಂತು, ಆದರೆ ಏನೂ ಹೇಳಲಿಲ್ಲ.

ಮೊದಲು ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿದರು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದುಕೊಂಡಿರುತ್ತದೆ, ಅದನ್ನು ಈ ತಂತ್ರಾಂಶ ತೋರಿಸುತ್ತದೆ. ಅದರಲ್ಲಿ 05, ಸಿ5, ಸಿ6 ಎಂಬ ಸಾಲುಗಳು ಡಿಸ್ಕಿನ ಮೈ ಹಾಳಾಗಿದೆಯೇ ಎಂದು ಹೇಳುವಂಥವು. ಅಲ್ಲಿ ಅಂಕಿ ಏರುತ್ತಿದ್ದರೆ ಡಿಸ್ಕ್ ಬದಲಿಸಲೇಬೇಕು. ಸಿ7 ಎಂಬ ಸಾಲು ಬೇರೆ. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಮಾಹಿತಿ ಸಾಗುವಾಗ ಎಷ್ಟು ಸಲ ಕೆಟ್ಟು ತಲುಪಿತು ಎಂಬ ಲೆಕ್ಕ ಅದು. ಹೊಸ ಎಸ್‌ಎಸ್‌ಡಿಯಲ್ಲಿ ಸೊನ್ನೆ ಇರಬೇಕಾದ ಆ ಜಾಗದಲ್ಲಿ ಆಗಲೇ ಅಂಕಿ ಏರಿ ಕುಳಿತಿತ್ತು. ಹಳೆಯ ಹಾರ್ಡ್ ಡಿಸ್ಕನ್ನು ತಮ್ಮ ಯುಎಸ್‌ಬಿ ಅಡಾಪ್ಟರಿಗೆ ಹಾಕಿ ನೋಡಿದರು. ‘ವೀಕ್’ ಎಂದು ಅಂಗಡಿಯವರು ತೀರ್ಪು ಕೊಟ್ಟಿದ್ದ ಆ ಡಿಸ್ಕಿನಲ್ಲಿ 05, ಸಿ5, ಸಿ6 ಮೂರೂ ಸೊನ್ನೆ! ಸಿ7 ಮಾತ್ರ ನೂರಾರು. ನೀವೇ ನೋಡುವುದಾದರೆ ಒಂದು ಎಚ್ಚರ: ಈ ತಂತ್ರಾಂಶ ಅಂಕಿಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ, ಮೆನುವಿನಲ್ಲಿ ‘ರಾ ವ್ಯಾಲ್ಯೂಸ್’ ಎಂಬಲ್ಲಿ ಹತ್ತರ ಎಣಿಕೆಗೆ ಬದಲಿಸಿಕೊಳ್ಳಬೇಕು. ಇನ್ನೊಂದು, ಸಿ7ರ ಅಂಕಿ ರಿಪೇರಿಯಾದ ಮೇಲೂ ಇಳಿಯುವುದಿಲ್ಲ. ಏರುವುದು ನಿಂತಿತೇ ಎಂದಷ್ಟೇ ನೋಡಬೇಕು.

‘ಎರಡು ಬೇರೆ ಬೇರೆ ಡಿಸ್ಕಿಗೂ ಒಂದೇ ಕಾಯಿಲೆ ಎಂದರೆ ಕಾಯಿಲೆ ಡಿಸ್ಕಿನದಲ್ಲ’ ಎಂದರು. ಆದರೂ ಬೋರ್ಡಿನ ಮೇಲೆ ಅಂಗಡಿಯವರು ಹೊರಿಸಿದ ಆರೋಪ ಉಳಿದಿತ್ತಲ್ಲ. ಎಸ್‌ಎಸ್‌ಡಿಯನ್ನು ಪೂರ್ತಿ ಕಳಚಿ, ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮಿಂಟ್ ಇದ್ದ ತಮ್ಮ ಪೆನ್ ಡ್ರೈವಿನಿಂದಲೇ ಯಂತ್ರವನ್ನು ಶುರು ಮಾಡಿದರು. ಇದನ್ನು ಯಾರು ಬೇಕಾದರೂ ಮಾಡಬಹುದು, ನಿಮ್ಮ ವಿಂಡೋಸಿಗೆ, ಕಡತಗಳಿಗೆ ಏನೂ ಆಗುವುದಿಲ್ಲ, ಇನ್‌ಸ್ಟಾಲ್ ಎಂಬ ಗುರುತನ್ನು ಮಾತ್ರ ಒತ್ತಬಾರದು. ಬಾಗಿಲು ಹಾಕಿ, ಪ್ರಿಂಟರ್ ಓಡಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ವಿಡಿಯೊ ಹಾಕಿ ಬಿಟ್ಟೆವು. ಅವರು ಊಟ ಮುಗಿಸಿ ಬರುವವರೆಗೂ ಓಡುತ್ತಲೇ ಇತ್ತು. ಬೋರ್ಡ್, ರ್ಯಾಮ್, ಎಸ್‌ಎಂಪಿಎಸ್ ಮೂರೂ ಒಟ್ಟಿಗೆ ಅನುಮಾನದ ಪಟ್ಟಿಯಿಂದ ಬಹುಮಟ್ಟಿಗೆ ಹೊರಬಂದವು.

ಆಮೇಲೆ ಟಾರ್ಚ್ ಹಿಡಿದು ತೋರಿಸಿದರು. ನಮ್ಮ ಪೆಟ್ಟಿಗೆಯಲ್ಲಿ ಡಿಸ್ಕ್ ಕೂರುವ ಗೂಡು ಅಡ್ಡಡ್ಡ ಇದೆ, ಅದರ ಹಿಂಭಾಗ ಪಕ್ಕದ ಬಾಗಿಲಿಗೆ ಮುಖ ಮಾಡಿರುತ್ತದೆ. ಡಿಸ್ಕಿಗೂ ಬೋರ್ಡಿಗೂ ಸಂಪರ್ಕ ಕೊಡುವ ಸಾಟಾ ಕೇಬಲಿನ ತುದಿ ನೇರವಾಗಿ ಚಾಚಿಕೊಂಡಿತ್ತು. ಬಾಗಿಲು ಹಾಕಿದರೆ ತಗಡು ಅದನ್ನು ಒತ್ತುತ್ತದೆ. ವರ್ಷಗಟ್ಟಲೆ ಹಾಗೆ ಒತ್ತಿಸಿಕೊಂಡು ತುದಿಯ ಬಳಿ ಕೇಬಲ್ ಮಡಚಿ ಬೆಳ್ಳಗಾಗಿತ್ತು, ಚುಚ್ಚಿದ ಜಾಗದಲ್ಲಿ ಸಡಿಲವಾಗಿ ಅಲುಗುತ್ತಿತ್ತು. ಬಾಗಿಲು ಒತ್ತಿ, ಪ್ರಿಂಟರ್ ನಡುಗಿಸಿದಾಗ ಸಂಪರ್ಕ ಕ್ಷಣಕಾಲ ತಪ್ಪುತ್ತಿತ್ತು. ಡಿಸ್ಕ್ ಉತ್ತರ ಕೊಡಲಿ ಎಂದು ವಿಂಡೋಸ್ ಕಾಯುತ್ತಾ ನಿಲ್ಲುತ್ತಿತ್ತು. ಪ್ರತಿ ಸಲ ಅಂಗಡಿಯಲ್ಲಿ ಕಿತ್ತು ಜೋಡಿಸಿದಾಗ ತುದಿ ಗಟ್ಟಿಯಾಗಿ ಕೂರುತ್ತಿತ್ತು, ಅದಕ್ಕೇ ಮನೆಗೆ ತಂದ ಮೇಲೆ ಒಂದೆರಡು ದಿನ ಸರಿಯಿರುತ್ತಿತ್ತು. ಎಸ್‌ಎಸ್‌ಡಿ ಹಾಕಿದವರು ಕೇಬಲ್ ಹಳೆಯದನ್ನೇ ಚುಚ್ಚಿ ಕಳುಹಿಸಿದ್ದರು.

ಬೇಕಾಗಿದ್ದು ತುದಿ ಇಂಗ್ಲಿಷಿನ ಎಲ್ ಅಕ್ಷರದಂತೆ ಬಾಗಿರುವ, ಹಿಡಿದುಕೊಳ್ಳಲು ಲೋಹದ ಕ್ಲಿಪ್ ಇರುವ ಸಾಟಾ ಕೇಬಲ್. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಅಲೆದಾಟವಾದೀತು ಎಂದುಕೊಂಡಿರಲಿಲ್ಲ. ಅಶೋಕ ರಸ್ತೆ, ಬಿ.ಎಚ್. ರಸ್ತೆ, ಎಲ್ಲಿ ಕೇಳಿದರೂ ನೇರ ತುದಿಯದ್ದೇ, ಕ್ಲಿಪ್ ಇಲ್ಲದ್ದೇ. ಒಬ್ಬರು ‘ಎಲ್ಲ ಒಂದೇ ಮೇಡಂ’ ಎಂದರು. ಒಂದೇ ಅಲ್ಲ. ಬೇರೆ ಕೆಲಸಕ್ಕೆ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದ ಭಾವನಿಗೆ ಹೇಳಿ ಎಸ್.ಪಿ. ರಸ್ತೆಯಿಂದ ತರಿಸಿದೆ. ಬೆಲೆ 120 ರೂಪಾಯಿ. ಬಾಗಿದ ತುದಿಯಲ್ಲೂ ಮೇಲ್ಮುಖ, ಕೆಳಮುಖ ಎಂಬ ಭೇದವಿರುತ್ತದೆ. ತಪ್ಪಾದುದನ್ನು ತಂದರೆ ಪಕ್ಕದ ಪವರ್ ತಂತಿಗೆ ತಾಗುತ್ತದೆ. ಹೋಗುವ ಮುನ್ನ ನಿಮ್ಮ ಡಿಸ್ಕಿನ ಹಿಂಭಾಗದ ಫೋಟೊ ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ತೋರಿಸಿ.

ಕೇಬಲ್ ಹಾಕಲು ಹಿರಿಯರು ಮತ್ತೆ ಬರಬೇಕಾಗಲಿಲ್ಲ, ಫೋನಿನಲ್ಲಿ ಹೇಳಿದಂತೆ ನಾನೇ ಹಾಕಿದೆ. ಗೋಡೆಯ ಸ್ವಿಚ್ ಆರಿಸಿ, ತಂತಿ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಒಳಗೆ ಉಳಿದ ವಿದ್ಯುತ್ತನ್ನು ಹೋಗಿಸಿ, ಕೈಯನ್ನು ಪೆಟ್ಟಿಗೆಯ ಬರಿಯ ಲೋಹಕ್ಕೆ ತಾಗಿಸಿ ಆಮೇಲೆ ಒಳಗೆ ಕೈ ಹಾಕಬೇಕು. ಕ್ಲಿಪ್ ‘ಟಕ್’ ಎಂದಿತು. ಪ್ರಿಂಟರನ್ನು ಬೇರೆ ಸ್ಟೂಲಿಗೆ ಸಾಗಿಸು ಎಂದು ಮನೆಯವರು ಹೇಳಿದರು. ಬೇಡವೆಂದೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತು ಎಂದು ತಿಳಿಯುವುದು ಹೇಗೆ? ಅದೇ ಮೇಜು, ಅದೇ ಪ್ರಿಂಟರ್, ಬಾಗಿಲು ಬಿಗಿಯಾಗಿ ಹಾಕಿ ಲಗ್ನಪತ್ರಿಕೆಗಳ ರಾಶಿಯನ್ನೇ ಮುದ್ರಿಸಿದೆ. ಸಿ7ರ ಅಂಕಿಯನ್ನು ಬರೆದಿಟ್ಟುಕೊಂಡು ದಿನವೂ ನೋಡಿದೆ. ಕದಲಲಿಲ್ಲ. 129, 153 ಮತ್ತೆ ಕಾಣಿಸಿಕೊಳ್ಳಲಿಲ್ಲ. ಆಮೇಲೆಯೇ ಪ್ರಿಂಟರನ್ನು ಸ್ಟೂಲಿಗೆ ಸಾಗಿಸಿದ್ದು.

ಹಿರಿಯರು ಮನೆಗೆ ಬಂದದ್ದಕ್ಕೆ 300 ರೂಪಾಯಿ ಮಾತ್ರ ತೆಗೆದುಕೊಂಡರು. ಹೆಚ್ಚು ಕೊಡಲು ಹೋದರೆ ಬೇಡವೆಂದು, ತಮ್ಮ ಮಗಳ ಮದುವೆಯ ಕಾರ್ಡನ್ನು ಚೆನ್ನಾಗಿ ಮಾಡಿಕೊಡು ಎಂದರು. ಅಂಗಡಿಯವರಿಗೆ ಹೋಗಿ ಕೇಬಲಿನ ವಿಷಯ ಹೇಳಿದೆ. ‘ಎಸ್‌ಎಸ್‌ಡಿಯಿಂದ ಸ್ಪೀಡ್ ಬಂತಲ್ಲ ಮೇಡಂ’ ಎಂಬುದು ಅವರ ಉತ್ತರ. ಅದೂ ಸುಳ್ಳಲ್ಲ, ಆದರೆ ನಾನು ವೇಗ ಕೊಳ್ಳಲು ಹೋಗಿರಲಿಲ್ಲ. 600 ರೂಪಾಯಿ ಹಿಂತಿರುಗಿಸಿ ಎಂದು ಕೇಳಿದ್ದಕ್ಕೆ ಮುಂದಿನ ಸಲ ನೋಡೋಣ ಎಂದಿದ್ದಾರೆ. ಹಳೆಯ ಹಾರ್ಡ್ ಡಿಸ್ಕಿಗೆ ಯುಎಸ್‌ಬಿ ಡಬ್ಬಿಯೊಂದನ್ನು ಹಾಕಿಸಿ ಬ್ಯಾಕಪ್‌ಗೆ ಇಟ್ಟುಕೊಂಡಿದ್ದೇನೆ.

ಒಂದು ತೊಡಕು ಇನ್ನೂ ಉಳಿದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ, ಭದ್ರತಾ ಅಪ್‌ಡೇಟ್‌ಗಳೂ ಸೇರಿದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರು ಅಥವಾ ಅದರ ಈಚಿನದ್ದು ಬೇಕು. ನನ್ನದು ನಾಲ್ಕನೆಯದು. ಆದ್ದರಿಂದ ಈ ಪೆಟ್ಟಿಗೆಗೆ ಸದ್ಯಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಗಿರಾಕಿಗಳ ಮೇಲ್‌ಗಳನ್ನು ಮೊಬೈಲಿನಲ್ಲೇ ನೋಡಿ, ಕಡತಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಬರುತ್ತೇನೆ. ಚುಚ್ಚಿದ ಕೂಡಲೇ ಕಡತ ತೆರೆಯದೆ, ಮೊದಲು ಪೆನ್ ಡ್ರೈವಿನ ಗುರುತಿನ ಮೇಲೆ ಬಲಗುಂಡಿ ಒತ್ತಿ, ವಿಂಡೋಸಿನದೇ ವೈರಸ್ ತಡೆ ತಂತ್ರಾಂಶವಾದ ಡಿಫೆಂಡರ್‌ನಿಂದ ಪರೀಕ್ಷಿಸುತ್ತೇನೆ. ನೆಟ್ ಇಲ್ಲದ ಯಂತ್ರದಲ್ಲಿ ಡಿಫೆಂಡರ್ ತಾನಾಗಿ ಹೊಸದಾಗುವುದಿಲ್ಲ. ಅದರ ಅಪ್‌ಡೇಟ್ ಕಡತವನ್ನು ಮೈಕ್ರೋಸಾಫ್ಟ್ ತಾಣದಿಂದ ಬೇರೆ ಯಂತ್ರದಲ್ಲಿ ಇಳಿಸಿಕೊಂಡು ತಂದು ಹಾಕಬೇಕು. ಎದುರು ಮನೆಯ ಹುಡುಗ ಭಾನುವಾರಗಳಂದು ಅದನ್ನು ತಂದುಕೊಡುತ್ತಿದ್ದಾನೆ.